ಬೆರಕೆ ನಾಣ್ಯದ ಲೆಕ್ಕ: ಲೋಹಕ್ಕೆಷ್ಟು, ಛಾಪಿಗೆಷ್ಟು?

ಹೊಸ ಸಂಸತ್ ಭವನದ ನೆನಪಿಗೆ 2023ರ ಮೇ ತಿಂಗಳಲ್ಲಿ 75 ರೂಪಾಯಿಯ ನಾಣ್ಯ ಬಂತಲ್ಲ, ಅದನ್ನು ಹುಬ್ಬಳ್ಳಿಯ ಯಾವುದಾದರೂ ಸರಾಫ ಅಂಗಡಿಗೆ ಒಯ್ದು ತಕ್ಕಡಿಗೆ ಹಾಕಿಸಿ. 35 ಗ್ರಾಂ ತೂಗುತ್ತದೆ. ಅಗಲ 44 ಮಿಲಿಮೀಟರ್, ಅಂಗೈ ತುಂಬ ಕೂರುತ್ತದೆ. ಎಲ್ಲರೂ ಅದನ್ನು ಬೆಳ್ಳಿ ನಾಣ್ಯ ಅಂತಲೇ ಕರೆಯುತ್ತಾರೆ. ಆದರೆ ಅದರಲ್ಲಿ ಬೆಳ್ಳಿ ಇರುವುದು ಅರ್ಧ ಮಾತ್ರ, 17.5 ಗ್ರಾಂ. ಇಡೀ ನಾಣ್ಯವನ್ನು ನೂರು ಪಾಲು ಅಂದುಕೊಂಡರೆ ಬೆಳ್ಳಿ 50 ಪಾಲು, ಉಳಿದದ್ದು 40 ಪಾಲು ತಾಮ್ರ, 5 ಪಾಲು ನಿಕ್ಕಲ್, 5 ಪಾಲು ಸತು. ನಾಲ್ಕು ಲೋಹ ಸೇರಿದ್ದರಿಂದ ಟಂಕಸಾಲೆಯವರು ಇದನ್ನು ಕ್ವಾಟರ್ನರಿ ಮಿಶ್ರಲೋಹ ಅನ್ನುತ್ತಾರೆ.

ಇದೇನು ಮೋಸ ಅಲ್ಲ. ಸರ್ಕಾರ ಅಧಿಸೂಚನೆಯಲ್ಲೇ ಪಾಲು ಎಷ್ಟೆಷ್ಟು ಅಂತ ಬರೆದು ಹೊರಡಿಸುತ್ತದೆ. ಆದರೂ ಕೊಳ್ಳುವವರು ಒಂದು ಲೆಕ್ಕ ಮರೆಯುತ್ತಾರೆ. ಬೆಲೆಬಾಳುವ ಲೋಹದ ಯಾವ ನಾಣ್ಯಕ್ಕೂ ಎರಡು ಬೆಲೆ ಇರುತ್ತವೆ. ಒಂದು, ಒಳಗಿರುವ ಲೋಹದ್ದು. ಇನ್ನೊಂದು, ಮೇಲಿರುವ ಛಾಪಿನದು. ಲೋಹ ಚೊಕ್ಕವಾಗಿದ್ದಷ್ಟೂ ಈ ಎರಡೂ ಹತ್ತಿರ ಬರುತ್ತವೆ. ಬೆರಕೆ ವಿಚಿತ್ರವಾದಷ್ಟೂ ದೂರ ಹೋಗುತ್ತವೆ. ಜಗತ್ತಿನ ಟಂಕಸಾಲೆಗಳು ಈಗ ಗುಲಾಬಿ ಬಂಗಾರ, ಪಲ್ಲಾಡಿಯಂ, ನೀಲಿ ನಿಯೋಬಿಯಂ ಅಂತ ಏನೇನೋ ನಾಣ್ಯ ತರುತ್ತಿವೆ. ಅವನ್ನು ಕೊಳ್ಳುವ ಮೊದಲು ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ನಮ್ಮ ಮನೆಗಳ ಹಳೇ ರೂಪಾಯಿಗಳಿಂದಲೇ ಶುರು ಮಾಡೋಣ. ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ರಾಣಿ ಛಾಪಾ, ರಾಜಾ ಛಾಪಾ ರೂಪಾಯಿಗಳು ಗದಗ, ಹಾವೇರಿ ಕಡೆಯ ಬಹಳ ಮನೆಗಳಲ್ಲಿ ಇನ್ನೂ ಇವೆ. ಎಲ್ಲವೂ ಒಂದೇ ಗಂಟಿನಲ್ಲಿ ಇರುತ್ತವೆ. ಎಲ್ಲದರ ತೂಕವೂ ಒಂದೇ, 11.66 ಗ್ರಾಂ, ಅಂದರೆ ಒಂದು ತೊಲಿ. ಆದರೆ ಇಸವಿ ನೋಡಿ ಬೇರೆ ಬೇರೆ ಮಾಡಬೇಕು. 1835ರಲ್ಲಿ ಕಂಪನಿ ಸರ್ಕಾರ ರೂಪಾಯಿಯನ್ನು ದೇಶಕ್ಕೆಲ್ಲ ಒಂದೇ ಅಳತೆಗೆ ತಂದಾಗ 12 ಪಾಲಿನಲ್ಲಿ 11 ಪಾಲು ಬೆಳ್ಳಿ ಇರಬೇಕು ಅಂತ ಗೊತ್ತುಮಾಡಿತು. ಆ ಲೆಕ್ಕದಲ್ಲಿ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1940ರಿಂದ ಅದು ಅರ್ಧಕ್ಕೆ ಇಳಿಯಿತು. ಅದೇ 50-40-5-5 ಬೆರಕೆ. ತೂಕ ಬದಲಾಗಲಿಲ್ಲ, ಬೆಳ್ಳಿ 5.83 ಗ್ರಾಂ ಆಯಿತು. 1947ರ ಹುಲಿ ಛಾಪಿನ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಆಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿಕೊಳ್ಳುತ್ತದೆ. ಗಂಟನ್ನು ಹಾಗೇ ಒಯ್ದು "ಎಲ್ಲಾ ಬೆಳ್ಳಿ ರೂಪಾಯಿ" ಅಂದರೆ ಅಂಗಡಿಯವರು ನಗುತ್ತಾರೆ ಅಷ್ಟೇ.

ಸ್ವತಂತ್ರ ಭಾರತವೂ ಇದೇ ದಾರಿ ಹಿಡಿಯಿತು. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ನಾಣ್ಯದಲ್ಲಿ 80 ಪಾಲು ಬೆಳ್ಳಿ ಇತ್ತು. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಬಂದ 10 ರೂಪಾಯಿಯಲ್ಲಿ 50 ಪಾಲು. ಆಮೇಲೆ ನೆನಪಿನ ನಾಣ್ಯ ಎಂದರೆ ಹೆಚ್ಚಾಗಿ ಅರ್ಧ ಬೆಳ್ಳಿಯೇ. ನಡುವೆ ತಂಜಾವೂರಿನ ಬೃಹದೀಶ್ವರ ದೇಗುಲಕ್ಕೆ ಸಾವಿರ ವರ್ಷ ತುಂಬಿದ ನೆನಪಿನ 1000 ರೂಪಾಯಿ ನಾಣ್ಯದಂಥವು 80 ಪಾಲು ಬೆಳ್ಳಿಯಲ್ಲಿ ಬಂದವು. ಈಚೆಗೆ ಗಾಳಿ ತಿರುಗಿದೆ. ರಿಸರ್ವ್ ಬ್ಯಾಂಕಿಗೆ 90 ತುಂಬಿದಾಗ 2024ರಲ್ಲಿ ತಂದ 90 ರೂಪಾಯಿ ನಾಣ್ಯ 40 ಗ್ರಾಂ, 99.9 ಪಾಲು ಬೆಳ್ಳಿ. ಹೊರನೋಟಕ್ಕೆ 75ರ ನಾಣ್ಯವೂ ಇದೂ ಅಣ್ಣತಮ್ಮಂದಿರು. ಒಳಗಿನ ಬೆಳ್ಳಿ ಮಾತ್ರ ಎರಡು ಪಟ್ಟಿಗೂ ಜಾಸ್ತಿ.

ಇನ್ನೊಂದು ವಿಷಯ. ಇವು ಸರ್ಕಾರಿ ನಾಣ್ಯಗಳು. 2011ರ ನಾಣ್ಯ ಕಾಯ್ದೆಯ ಪ್ರಕಾರ ಇವನ್ನು ಕರಗಿಸುವುದು ಅಪರಾಧ. ಹಾಗಾಗಿ "ಹೋದರೆ ಬೆಳ್ಳಿಯ ಬೆಲೆಯಾದರೂ ಬರುತ್ತದೆ" ಎಂಬ ಸಮಾಧಾನವೂ ಇಲ್ಲಿ ಅಷ್ಟು ಗಟ್ಟಿಯಲ್ಲ.

ಸರಿ, ಬೆರಕೆ ಯಾಕೆ ಬೇಕು? ಅಪರಂಜಿ ಬಂಗಾರ ಮೆತ್ತಗೆ. ಉಗುರಿನಿಂದ ಅಲ್ಲದಿದ್ದರೂ ಕೈಬಳಕೆಯಲ್ಲಿ ಗೀರು ಬೀಳುತ್ತದೆ, ಅಂಚು ಸವೆಯುತ್ತದೆ. ಅದಕ್ಕೆ ತಾಮ್ರ ಸೇರಿಸಿದರೆ ಗಟ್ಟಿಯಾಗುತ್ತದೆ. ಬೆಳ್ಳಿ ಸೇರಿಸಿದರೆ ಅಷ್ಟು ಗಟ್ಟಿಯಾಗಲ್ಲ. ಕಾರಣ ಪರಮಾಣುಗಳ ಗಾತ್ರದಲ್ಲಿದೆ. ಬಂಗಾರದ ಪರಮಾಣುವೂ ಬೆಳ್ಳಿಯದೂ ಹೆಚ್ಚುಕಡಿಮೆ ಒಂದೇ ಅಳತೆ. ತಾಮ್ರದ್ದು ಚಿಕ್ಕದು. ಸಂತೆಯಲ್ಲಿ ಪೇರಿಸಿಟ್ಟ ಕಿತ್ತಳೆಯ ಸಾಲುಗಳ ನಡುವೆ ಅಲ್ಲಲ್ಲಿ ನಿಂಬೆಹಣ್ಣು ಸಿಕ್ಕಿಸಿದರೆ ಸಾಲು ಸೊಟ್ಟಾಗುತ್ತದಲ್ಲ, ಹಾಗೆ. ಸಾಲು ಸೊಟ್ಟಾದರೆ ಒಂದರ ಮೇಲೊಂದು ಸುಲಭವಾಗಿ ಜಾರುವುದಿಲ್ಲ. ಜಾರದಿದ್ದರೆ ಲೋಹ ಬಗ್ಗುವುದಿಲ್ಲ. ನಮ್ಮ ಪತ್ತಾರರು ಒಡವೆಗೆ ತಾಮ್ರ ಹಾಕುವುದೂ ಇದಕ್ಕೇ.

ನಮ್ಮ ಕಡೆ ಗಿನ್ನಿ ಎನ್ನುವ ಬ್ರಿಟಿಷ್ ಸಾವರಿನ್ ಈ ಬೆರಕೆಯ ಹಳೇ ಉದಾಹರಣೆ. 22 ಕ್ಯಾರೆಟ್, ತೂಕ 7.988 ಗ್ರಾಂ, ಒಳಗಿನ ಚೊಕ್ಕ ಬಂಗಾರ 7.322 ಗ್ರಾಂ. ಈಗಿನ ರೂಪದಲ್ಲಿ 1817ರಿಂದ ಬರುತ್ತಿದೆ. 1918ರಲ್ಲಿ ಒಂದೇ ವರ್ಷ ಮುಂಬಯಿಯಲ್ಲೂ ಇದನ್ನು ಅಚ್ಚು ಹಾಕಿದರು, ಸುಮಾರು 13 ಲಕ್ಷ. ಅವುಗಳ ಮೇಲೆ ಇಂಗ್ಲಿಷಿನ 'ಐ' ಅಕ್ಷರದ ಸಣ್ಣ ಗುರುತು ಇರುತ್ತದೆ. ಅಜ್ಜಿಯ ಸರದಲ್ಲಿ ಗಿನ್ನಿ ಇದ್ದರೆ ಭೂತಗನ್ನಡಿ ಹಿಡಿದು ನೋಡುವುದು ಒಳ್ಳೆಯದು.

1967ರಲ್ಲಿ ದಕ್ಷಿಣ ಆಫ್ರಿಕಾ ಕ್ರೂಗರ್‌ರ್ಯಾಂಡ್ ತಂದಾಗ ಇದೇ 22 ಕ್ಯಾರೆಟ್ ಬೆರಕೆ ಇಟ್ಟುಕೊಂಡಿತು. ಆದರೆ ಲೆಕ್ಕದಲ್ಲಿ ಒಂದು ಜಾಣತನ ಮಾಡಿತು. ನಾಣ್ಯದ ಒಟ್ಟು ತೂಕ 33.93 ಗ್ರಾಂ ಇಟ್ಟು, ಒಳಗಿನ ಬಂಗಾರ ಸರಿಯಾಗಿ ಒಂದು ಟ್ರಾಯ್ ಔನ್ಸ್, ಅಂದರೆ 31.103 ಗ್ರಾಂ ಬರುವ ಹಾಗೆ ಮಾಡಿತು. ತಾಮ್ರ ಅದರ ಮೇಲಿನದು. ಬೆರಕೆಯಿಂದ ಬಂಗಾರ ಕಡಿಮೆಯಾಗಲಿಲ್ಲ, ನಾಣ್ಯ ಭಾರವಾಯಿತು ಅಷ್ಟೇ. 1986ರಿಂದ ಬರುತ್ತಿರುವ ಅಮೆರಿಕದ ಗೋಲ್ಡ್ ಈಗಲ್ ಕೂಡ ಹೀಗೇ, ಅದರಲ್ಲಿ ತಾಮ್ರದ ಜೊತೆ 3 ಪಾಲು ಬೆಳ್ಳಿಯೂ ಇದೆ. ಬೆಳ್ಳಿ ಸೇರಿದ್ದರಿಂದ ಅದು ಕ್ರೂಗರ್‌ರ್ಯಾಂಡ್‌ನಷ್ಟು ಕೆಂಪಗೆ ಕಾಣಲ್ಲ. ಕೆನಡಾ 1979ರಲ್ಲಿ ಮೇಪಲ್ ಲೀಫ್ ತಂದು ಬೆರಕೆಯೇ ಬೇಡ ಅಂದಿತು. 1982ರಿಂದ ಅದು 9999, ಅಂದರೆ ಹತ್ತು ಸಾವಿರಕ್ಕೆ ಒಂದೇ ಪಾಲು ಕಲಬೆರಕೆ.

ಇಲ್ಲಿ ಬಹಳ ಜನ ಎಡವುತ್ತಾರೆ. "24 ಕ್ಯಾರೆಟ್ ಮೇಪಲ್ ಲೀಫ್‌ನಲ್ಲಿ ಬಂಗಾರ ಜಾಸ್ತಿ, 22 ಕ್ಯಾರೆಟ್ ಈಗಲ್‌ನಲ್ಲಿ ಕಡಿಮೆ" ಅಂದುಕೊಳ್ಳುತ್ತಾರೆ. ಎರಡರಲ್ಲೂ ಒಂದೇ ಔನ್ಸ್. ಕ್ಯಾರೆಟ್ ಹೇಳುವುದು ಪಾಲನ್ನು, ಮೊತ್ತವನ್ನಲ್ಲ. ಯಾವ ನಾಣ್ಯ ಕೈಗೆ ಬಂದರೂ ಒಟ್ಟು ತೂಕವನ್ನು ಚೊಕ್ಕತನದಿಂದ ಗುಣಿಸಿ. ಬರುವ ಗ್ರಾಂ ಎಷ್ಟೋ ಅದು ಲೋಹದ ಪಾಲು. ಕೇಳುವ ಬೆಲೆಯಲ್ಲಿ ಅದನ್ನು ಕಳೆದರೆ ಉಳಿಯುವುದು ಛಾಪಿನ ಪಾಲು. ಬೆಲೆಬಾಳುವ ಎರಡನೇ ಲೋಹವೂ ಬೆರಕೆಯಲ್ಲಿದ್ದರೆ ಅದನ್ನೂ ಬರೆದುಕೊಳ್ಳಿ, ಆದರೆ ಅದಕ್ಕೆ ಯಾರೂ ದುಡ್ಡು ಕೊಡಲ್ಲ ಅಂತಲೇ ಇಟ್ಟುಕೊಳ್ಳಿ. ಅದನ್ನು ಬೇರ್ಪಡಿಸುವ ಖರ್ಚೇ ಜಾಸ್ತಿ.

ಬಣ್ಣದ ಆಟ ಇದರ ಮುಂದಿನ ಹೆಜ್ಜೆ. ತಾಮ್ರ ಹೆಚ್ಚಾದರೆ ಬಂಗಾರ ಕೆಂಪಗೆ, ಬೆಳ್ಳಿ ಹೆಚ್ಚಾದರೆ ತುಸು ಹಸಿರು ಛಾಯೆ ಬಂದು ಆಮೇಲೆ ಬಿಳಿಚುತ್ತದೆ. ಪಲ್ಲಾಡಿಯಂ ಅಥವಾ ನಿಕ್ಕಲ್ ಹಾಕಿದರೆ ಬಿಳಿ ಬಂಗಾರ. ಅಲ್ಯೂಮಿನಿಯಂ ಜೊತೆ ಸೇರಿಸಿದರೆ ನೇರಳೆ ಬಣ್ಣ ಬರುತ್ತದೆ, ಆದರೆ ಆ ಲೋಹ ಗಾಜಿನಂತೆ ಒಡೆಯುತ್ತದೆ, ಅಚ್ಚಿನ ಪೆಟ್ಟು ತಾಳುವುದಿಲ್ಲ. ಅಮೆರಿಕದ ಟಂಕಸಾಲೆ 2018ರಲ್ಲಿ ಸ್ತನ ಕ್ಯಾನ್ಸರ್ ಜಾಗೃತಿಗೆ ತಂದ 5 ಡಾಲರ್ ನಾಣ್ಯ ಗುಲಾಬಿ ಬಂಗಾರದ್ದು. 85 ಪಾಲು ಬಂಗಾರ, 14.8 ಪಾಲು ತಾಮ್ರ, 0.2 ಪಾಲು ಸತು. ಒಂದೊಂದು ನಾಣ್ಯದ ಬೆಲೆಯಲ್ಲೂ 35 ಡಾಲರ್ ಸಂಶೋಧನೆಗೆ ಹೋಗುವ ವಂತಿಗೆ. ಉದ್ದೇಶ ಚೆನ್ನಾಗಿದೆ, ನಾಣ್ಯವೂ ಚೆಂದ.  ಆದರೆ ಒಳಗಿನ ಬಂಗಾರ ಗಿನ್ನಿಗಿಂತ ಕಡಿಮೆ. ಚೊಕ್ಕತನಕ್ಕೆ ಹಾಕುವ ನಮ್ಮ ಬಿಐಎಸ್ ಹಾಲ್‌ಮಾರ್ಕ್‌ನಲ್ಲಿ ಸಾವಿರ ಪಾಲಿನ ಲೆಕ್ಕದಲ್ಲಿ 750, 833, 916 ಅಂತ ಮೆಟ್ಟಿಲುಗಳಿವೆ. 850 ಎಂಬ ಮೆಟ್ಟಿಲೇ ಇಲ್ಲ. ಇಲ್ಲಿನ ಅಂಗಡಿಯಲ್ಲಿ ಅದನ್ನು ಕೆಳಗಿನ 833ಕ್ಕೆ ಇಳಿಸಿ ಲೆಕ್ಕ ಹಾಕುವ ಸಾಧ್ಯತೆಯೇ ಜಾಸ್ತಿ.

ಆಸ್ಟ್ರಿಯಾದವರು 2003ರಿಂದ ತರುತ್ತಿರುವ 25 ಯೂರೋ ನಾಣ್ಯದಲ್ಲಿ ಹೊರಗೆ ಬೆಳ್ಳಿಯ ಉಂಗುರ, ಒಳಗೆ ನಿಯೋಬಿಯಂನ ಬಿಲ್ಲೆ. ವಿದ್ಯುತ್ ಹಾಯಿಸಿ ನಿಯೋಬಿಯಂ ಮೇಲೆ ತೆಳು ಆಕ್ಸೈಡ್ ಪದರ ಬೆಳೆಸುತ್ತಾರೆ. ಪದರದ ದಪ್ಪ ಬದಲಾದ ಹಾಗೆ ನೀಲಿ, ಹಸಿರು, ನೇರಳೆ ಬರುತ್ತದೆ. ಬಣ್ಣ ಬಳಿದದ್ದಲ್ಲ. ನೋಡಲು ಕಣ್ಣಿಗೆ ಹಬ್ಬ. ಆದರೆ ನಿಯೋಬಿಯಂ ಬೆಲೆಬಾಳುವ ಲೋಹಗಳ ಸಾಲಿಗೇ ಸೇರಿಲ್ಲ.

ಇಷ್ಟೆಲ್ಲ ಹೊಸ ಬೆರಕೆಗಳ ನಡುವೆ ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಅದು ಎಲೆಕ್ಟ್ರಂ, ಬಂಗಾರ ಬೆಳ್ಳಿಯ ಮಿಶ್ರಣ. ಭೂಮಿಯಲ್ಲೇ ಹೀಗೆ ಸಿಗುತ್ತದೆ. ನೆಲದಿಂದ ಬರುವ ಬಂಗಾರ ಯಾವತ್ತೂ ಪೂರ್ತಿ ಚೊಕ್ಕ ಇರುವುದಿಲ್ಲ, ಜೊತೆಗೆ ಬೆಳ್ಳಿ ಇದ್ದೇ ಇರುತ್ತದೆ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಸುತ್ತಲಿನ ಈ ಬಂಗಾರದ ಶಿಲೆಗಳ ಬಗ್ಗೆ 1874ರಲ್ಲೇ ಬರೆದ. ಮುಂದೆ ಆ ಬಗೆಯ ಶಿಲೆಗಳಿಗೆಲ್ಲ ಧಾರವಾಡದ ಹೆಸರಿಟ್ಟವನೂ ಅವನೇ. ಕೋಲಾರ, ಹಟ್ಟಿಯ ಬಂಗಾರದ ಗಣಿಗಳೂ ಆ ಗುಂಪಿನ ಶಿಲೆಗಳಲ್ಲೇ. ಹಾವೇರಿ ಹತ್ತಿರದ ಗಣಜೂರಿನಲ್ಲೂ ಬಂಗಾರದ ಅದಿರಿದೆ. ಈಗ ಕಪ್ಪತಗುಡ್ಡ ವನ್ಯಜೀವಿಧಾಮ. ಅಲ್ಲಿನ ಬಂಗಾರ ಅಲ್ಲೇ ಇರಲಿ ಅಂತ ಜನ ಹೋರಾಡಿದರು, ನನಗೂ ಅದೇ ಸರಿ ಅನಿಸುತ್ತದೆ.

ಈಗಿನ ಟರ್ಕಿಯ ಪಶ್ಚಿಮದಲ್ಲಿದ್ದ ಲಿಡಿಯಾ ರಾಜ್ಯದಲ್ಲಿ ಕ್ರಿ.ಪೂ. ಏಳನೇ ಶತಮಾನದಲ್ಲಿ ಇಂಥ ಎಲೆಕ್ಟ್ರಂ ಉಂಡೆಗಳ ಮೇಲೆ ಸಿಂಹದ ತಲೆ ಒತ್ತಿದರು. ಜಗತ್ತಿನ ಮೊದಲ ನಾಣ್ಯಗಳಲ್ಲಿ ಇವೂ ಸೇರಿವೆ. ಚಿಕ್ಕ ಬಿಲ್ಲೆ, 4.7 ಗ್ರಾಂ. ಅಲ್ಲಿನ ನದಿಯ ಬಂಗಾರದಲ್ಲಿ 70-80 ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ ಚೊಕ್ಕ ಬಂಗಾರ ಇರುತ್ತಿತ್ತು. ಆದರೆ ನಾಣ್ಯಗಳನ್ನು ಪರೀಕ್ಷೆ ಮಾಡಿದರೆ ಬಂಗಾರ ಸುಮಾರು 55 ಪಾಲೇ ಇದೆ. ಅಂದರೆ ಟಂಕಸಾಲೆಯಲ್ಲಿ ಬೇಕಂತಲೇ ಬೆಳ್ಳಿ ಸೇರಿಸಿದ್ದಾರೆ. ಮೋಸವೇ? ಒಂದು ಅರ್ಥದಲ್ಲಿ ಹೌದು. ಆದರೆ ಇನ್ನೊಂದು ಕಡೆಯಿಂದ ನೋಡಿ. ನದಿಯ ಬಂಗಾರ ಒಂದೊಂದು ಹಿಡಿಗೂ ಒಂದೊಂದು ಥರ. ವ್ಯಾಪಾರಿಗೆ ಅದರ ಪಾಲು ಗೊತ್ತಾಗುವುದು ಕಷ್ಟ. ಟಂಕಸಾಲೆ ಎಲ್ಲವನ್ನೂ ಒಂದೇ ಹದಕ್ಕೆ ತಂದು ಸಿಂಹದ ಮುದ್ರೆ ಒತ್ತಿತು. ಇನ್ನು ಪಾಲು ಎಷ್ಟು ಅಂತ ಯಾರೂ ಕೇಳಬೇಕಿಲ್ಲ, ಸಿಂಹ ಇದ್ದರೆ ಸಾಕು. ಛಾಪಿನ ಬೆಲೆ ಎನ್ನುವುದು ಹುಟ್ಟಿದ್ದೇ ಹೀಗೆ, ಬೆರಕೆಯ ಜೊತೆಗೇ. ಒಂದು ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಲಿಡಿಯಾದ ರಾಜ ಕ್ರೀಸಸ್‌ನ ಕಾಲಕ್ಕೆ ಬಂಗಾರ ಬೆಳ್ಳಿಯನ್ನು ಬೇರ್ಪಡಿಸುವ ವಿದ್ಯೆ ಕೈಗೂಡಿತು. ಚೊಕ್ಕ ಬಂಗಾರದ ನಾಣ್ಯ ಬೇರೆ, ಬೆಳ್ಳಿಯದು ಬೇರೆ ಆಯಿತು.

ಲಕ್ಕುಂಡಿಯ ಕಥೆಯಲ್ಲೂ ಇದೇ ತರ್ಕ ಕಾಣುತ್ತದೆ. ಅಲ್ಲಿ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇತ್ತು. ಆ ಕಾಲದ ಶಾಸನಗಳಲ್ಲಿ ದಾನ ಕೊಟ್ಟದ್ದನ್ನು ಬರೆಯುವಾಗ ಬಂಗಾರದ ನಾಣ್ಯವನ್ನು ಸುಮ್ನೆ ಗದ್ಯಾಣ ಅನ್ನದೆ ಲೊಕ್ಕಿ ಗದ್ಯಾಣ ಅಂತ ಬರೆಯುತ್ತಿದ್ದರು. ಲೊಕ್ಕಿಗುಂಡಿ ಎಂದರೆ ಲಕ್ಕುಂಡಿ. ಗದ್ಯಾಣ ಯಾವ ಟಂಕಸಾಲೆಯದು ಎನ್ನುವುದು ಲೆಕ್ಕದ ಭಾಗವೇ ಆಗಿತ್ತು. ಎಲ್ಲ ಬಂಗಾರವೂ ಒಂದೇ ಅಲ್ಲ ಅಂತ ದೇಗುಲದ ಲೆಕ್ಕ ಬರೆಯುವವರಿಗೆ ಚೆನ್ನಾಗಿ ಗೊತ್ತಿತ್ತು.

ಪ್ಲಾಟಿನಂ ಗುಂಪಿನ ಕಡೆ ಬರೋಣ. ರಷ್ಯಾ 1828ರಿಂದ 1845ರವರೆಗೆ ಪ್ಲಾಟಿನಂ ರೂಬಲ್‌ಗಳನ್ನು ಚಲಾವಣೆಗೇ ಬಿಟ್ಟಿತ್ತು. ಪ್ಲಾಟಿನಂ ಕರಗುವುದು 1768 ಡಿಗ್ರಿಯಲ್ಲಿ. ಆ ಕಾಲದ ಕುಲುಮೆಗೆ ಅದು ಆಗದ ಮಾತು. ಹಾಗಾಗಿ ಲೋಹದ ಪುಡಿಯನ್ನು ಒತ್ತಿ, ಕಾಸಿ, ಬಡಿದು ನಾಣ್ಯ ಮಾಡಿದರು. ಆಗ ಪ್ಲಾಟಿನಂ ಬಂಗಾರಕ್ಕಿಂತ ಅಗ್ಗ. ಎಷ್ಟು ಅಗ್ಗವೆಂದರೆ 19ನೇ ಶತಮಾನದ ಖೋಟಾ ನಾಣ್ಯದವರು ಸ್ಪೇನಿನ ಬಂಗಾರದ ನಾಣ್ಯಗಳನ್ನು ಪ್ಲಾಟಿನಂನಲ್ಲಿ ಮಾಡಿ ಮೇಲೆ ಬಂಗಾರದ ಲೇಪ ಕೊಡುತ್ತಿದ್ದರು. ಪ್ಲಾಟಿನಂ ಬಂಗಾರಕ್ಕಿಂತ ಭಾರ, ಬೆರಕೆ ಮಾಡಿ ತೂಕ ಹೊಂದಿಸಿದರೆ ಕೈಗೆ ಗೊತ್ತಾಗುತ್ತಿರಲಿಲ್ಲ. ಆ ಖೋಟಾ ನಾಣ್ಯಗಳನ್ನು ಈಗ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ!

ಪಲ್ಲಾಡಿಯಂ ನಾಣ್ಯಗಳು 1966ರಲ್ಲಿ ಸಿಯೆರಾ ಲಿಯೋನ್‌ನಿಂದ ಶುರುವಾದವು. ಸೋವಿಯತ್ ರಷ್ಯಾ 1980ರ ದಶಕದ ಕೊನೆಯಲ್ಲಿ ಬ್ಯಾಲೆ ನರ್ತಕಿಯ ಚಿತ್ರದ ಪಲ್ಲಾಡಿಯಂ ನಾಣ್ಯ ತಂದಿತು. ಕೆನಡಾ 2005ರಲ್ಲಿ, ಅಮೆರಿಕ 2017ರಲ್ಲಿ ಸೇರಿಕೊಂಡವು. ಈ ಲೋಹದ ತೊಂದರೆ ಏನೆಂದರೆ ಅದರ ಬೆಲೆ ನಿಂತಿರುವುದು ಪೆಟ್ರೋಲ್ ಕಾರುಗಳ ಹೊಗೆ ಶುದ್ಧ ಮಾಡುವ ಸಾಧನದ ಮೇಲೆ. 2022ರ ಮಾರ್ಚ್‌ನಲ್ಲಿ ಔನ್ಸ್‌ಗೆ 3,000 ಡಾಲರ್ ದಾಟಿದ್ದ ಪಲ್ಲಾಡಿಯಂ, 2024ರ ಶುರುವಿನಲ್ಲಿ 1,000 ಡಾಲರ್ ಸುತ್ತ ಬಂದು ಬಿತ್ತು. ಇದೇ ಪ್ಲಾಟಿನಂ ಗುಂಪಿನ ರೋಡಿಯಂ ಇನ್ನೂ ಜೋರು. 2021ರಲ್ಲಿ ಔನ್ಸ್‌ಗೆ 29,000 ಡಾಲರ್ ಹತ್ತಿರ ಹೋಗಿ, ಎರಡೇ ವರ್ಷದಲ್ಲಿ 5,000ಕ್ಕೂ ಕೆಳಗಿಳಿಯಿತು. ಬ್ಯಾಡಗಿ ಮೆಣಸಿನಕಾಯಿ ಧಾರಣೆ ನೋಡಿ ಬೆಳೆದವರಿಗೂ ಇಂಥ ಏರಿಳಿತ ಕಂಡರೆ ತಲೆ ತಿರುಗುತ್ತದೆ.

ಲೋಹ ಯಾವುದೇ ಇರಲಿ, ಕೊನೆಗೆ ಪ್ರಶ್ನೆ ಬರುವುದು ಪರೀಕ್ಷೆಗೆ. ಒರೆಗಲ್ಲು ಹಳೆಯ ಸಾಧನ. ಕಲ್ಲಿನ ಮೇಲೆ ಗೆರೆ ಎಳೆದು, ಆಮ್ಲ ಹಚ್ಚಿ, ಗೊತ್ತಿರುವ ಬಂಗಾರದ ಗೆರೆಯ ಜೊತೆ ಹೋಲಿಸುತ್ತಾರೆ. ತಾಮ್ರ ಬೆರೆತ 22 ಕ್ಯಾರೆಟ್‌ಗೆ ಪಳಗಿದ ಕಣ್ಣು ಸುಳ್ಳು ಹೇಳಲ್ಲ. ಎಲೆಕ್ಟ್ರಂ, ಪಲ್ಲಾಡಿಯಂ ಬಂದರೆ ಹೋಲಿಸಲು ಪಕ್ಕದಲ್ಲಿ ಗೆರೆಯೇ ಇರುವುದಿಲ್ಲ.

ಈಗ ದೊಡ್ಡ ಅಂಗಡಿಗಳಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಇದೆ. ಎಕ್ಸ್‌ರೇ ಬಿಟ್ಟು ಪ್ರತಿ ಲೋಹದಿಂದ ಮರಳುವ ಕಿರಣ ಅಳೆದು ಪಾಲು ಹೇಳುತ್ತದೆ. ಪರದೆಯ ಮೇಲೆ ಎರಡು ದಶಾಂಶದವರೆಗೆ ಅಂಕಿ ಬಂದರೆ ಯಾರಿಗೂ ನಂಬಿಕೆ ಬರುತ್ತದೆ, ಅಲ್ವಾ? ಆದರೆ ಅದು ನೋಡುವುದು ಮೇಲ್ಮೈಯ ತೆಳು ಪದರ ಮಾತ್ರ, ಕೂದಲಿನ ದಪ್ಪಕ್ಕಿಂತ ಕಡಿಮೆ. ಬೆರಕೆ ನಾಣ್ಯದ ಮೇಲ್ಮೈ ಒಳಗಿನಂತೆಯೇ ಇರಬೇಕು ಅಂತೇನಿಲ್ಲ. ಬ್ರಿಟನ್ 1920ರಲ್ಲಿ ಬೆಳ್ಳಿಯನ್ನು 50 ಪಾಲಿಗೆ ಇಳಿಸಿದ ಮೇಲೆ ತಾಮ್ರದ ಬಣ್ಣ ಮುಚ್ಚಲು ಬಿಲ್ಲೆಗಳನ್ನು ಆಮ್ಲದಲ್ಲಿ ಅದ್ದುತ್ತಿದ್ದರು. ಆಮ್ಲ ಮೇಲಿನ ತಾಮ್ರವನ್ನು ತಿಂದು ಬೆಳ್ಳಿಯನ್ನು ಬಿಡುತ್ತದೆ. ಮೇಲೆ ಹೊಳೆಯುವ ಬೆಳ್ಳಿಯ ತೊಗಲು, ಒಳಗೆ ಅರ್ಧ ತಾಮ್ರ. ಜೇಬಿನಲ್ಲಿ ಸವೆದ ಮೇಲೆ ಬಣ್ಣ ಹಳದಿಗೆ ತಿರುಗಿ ಜನ ಗೊಣಗಿದರು. ನಿಕ್ಕಲ್, ಸತು ಸೇರಿಸಿ ಹದ ಮಾಡಿದ ಬೆರಕೆ ಅದಾದ ಮೇಲೆ 1927ರಲ್ಲಿ ಬಂತು. ಇಂಥ ನಾಣ್ಯದ ಮೇಲೆ ಯಂತ್ರ ಇಟ್ಟರೆ ಬೆಳ್ಳಿ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಯಂತ್ರದ ತಪ್ಪಲ್ಲ, ಅದು ಕಂಡದ್ದನ್ನೇ ಹೇಳುತ್ತಿದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ನೀರಿನದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಮೊದಲು ನಾಣ್ಯವನ್ನು ಒಣದಾಗಿ ತೂಗಿ. ಆಮೇಲೆ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿ ನಾಣ್ಯದ ಗಾತ್ರ. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. ಚೊಕ್ಕ ಬಂಗಾರದ್ದು 19.3, ಬೆಳ್ಳಿಯದು 10.5, ತಾಮ್ರದ್ದು ಸುಮಾರು 9. ನಿಜವಾದ ಗಿನ್ನಿ ನೀರಿನಲ್ಲಿ 0.45 ಗ್ರಾಂ ತೋರಿಸಬೇಕು, ಸಾಂದ್ರತೆ 17.6ರ ಸುತ್ತ. ಅದೇ ತೂಕದ ಹಿತ್ತಾಳೆ ಬಿಲ್ಲೆಯಾದರೆ 0.94 ತೋರಿಸುತ್ತದೆ. ಒಂದು ಸಲ ಮಾಡಿದರೆ ಸಾಕು, ಬಂಗಾರವೋ ಹಿತ್ತಾಳೆಯೋ ಎಂಬ ಅನುಮಾನ ಉಳಿಯಲ್ಲ. ಅರ್ಧ ಬೆಳ್ಳಿಯ 35 ಗ್ರಾಂ ನಾಣ್ಯಕ್ಕೆ 3.67 ಬರಬೇಕು, ಚೊಕ್ಕ ಬೆಳ್ಳಿಯಾಗಿದ್ದರೆ 3.33 ಬರುತ್ತಿತ್ತು.

ಆದರೆ ಗೊತ್ತಿಲ್ಲದ ನಾಣ್ಯದಲ್ಲಿ ಪಾಲು ಎಷ್ಟು ಅಂತ ಕಂಡುಹಿಡಿಯಲು ಈ ಪರೀಕ್ಷೆ ಎರಡು ಲೋಹದ, ಅದೂ ಯಾವ ಎರಡು ಅಂತ ಗೊತ್ತಿರುವ ಬೆರಕೆಗೆ ಮಾತ್ರ ಸರಿ. ಒಂದು ನಾಣ್ಯದ ಸಾಂದ್ರತೆ 14 ಬಂತು ಅನ್ನಿ. ಜೊತೆಗಿರುವುದು ಬೆಳ್ಳಿಯಾದರೆ ಬಂಗಾರ 55 ಪಾಲು. ತಾಮ್ರವಾದರೆ 67 ಪಾಲು. ಅಂಕಿ ಒಂದೇ, ಬಂಗಾರದಲ್ಲಿ 12 ಪಾಲಿನ ವ್ಯತ್ಯಾಸ. ಎರಡೂ ಬೆರೆತಿದ್ದರೆ ನಡುವೆ ಎಲ್ಲಾದರೂ ಇರಬಹುದು. ಟಂಗ್‌ಸ್ಟನ್ ತುಂಬಿದ ಖೋಟಾ ಗಟ್ಟಿಯಂತೂ 19.25 ತೋರಿಸಿ ಚೊಕ್ಕ ಬಂಗಾರದ ವೇಷ ಹಾಕುತ್ತದೆ. ಕೊನೆಗೆ ಪಾಲು ಎಷ್ಟು ಅಂತ ನೂರಕ್ಕೆ ನೂರು ಹೇಳುವುದು ಬೆಂಕಿಯ ಪುಟ ಪರೀಕ್ಷೆಯೇ. ಅದಕ್ಕೆ ನಾಣ್ಯದ ತುಣುಕು ಕತ್ತರಿಸಬೇಕು. ಸಂಗ್ರಹದ ನಾಣ್ಯ ಕತ್ತರಿಸಿದ ಮೇಲೆ ಅದು ನಾಣ್ಯವಾಗಿ ಉಳಿಯುವುದಿಲ್ಲ.

ಬೆರಕೆಯ ಗೊಂದಲ ಅಂಗಡಿಗೆ ಮಾತ್ರ ಸೀಮಿತ ಅಲ್ಲ, ಕಾನೂನಿಗೂ ಇದೆ. ಆಮದು ಸುಂಕದ ಪುಸ್ತಕದ 71ನೇ ಅಧ್ಯಾಯದಲ್ಲಿ ಒಂದು ಹಳೇ ನಿಯಮ ಇದೆ. ಬೆರಕೆಯಲ್ಲಿ ಪ್ಲಾಟಿನಂ 2 ಪಾಲು ಅಥವಾ ಜಾಸ್ತಿ ಇದ್ದರೆ ಇಡೀ ಲೋಹವನ್ನು ಪ್ಲಾಟಿನಂ ಮಿಶ್ರಲೋಹ ಅಂತ ನೋಡಬೇಕು, ಉಳಿದ 98 ಪಾಲು ಬಂಗಾರವೇ ಇದ್ದರೂ! ಯುಎಇ ಜೊತೆ 2022ರ ಮೇ ತಿಂಗಳಿಂದ ಜಾರಿಯಾದ ಒಪ್ಪಂದದಲ್ಲಿ ಪ್ಲಾಟಿನಂ ಮೇಲಿನ ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುವ ಏರ್ಪಾಟಿತ್ತು. ವ್ಯಾಪಾರಿಗಳಿಗೆ ಇಷ್ಟು ಸಾಕಲ್ಲ. ಬಹುಪಾಲು ಬಂಗಾರವೇ ಇದ್ದ ಲೋಹ ಪ್ಲಾಟಿನಂ ಎಂಬ ಹೆಸರಿನಲ್ಲಿ ದೇಶಕ್ಕೆ ಬರತೊಡಗಿತು. 2025ರಲ್ಲಿ ಸರ್ಕಾರ ಹೆಚ್ಚು ಚೊಕ್ಕತನದ ಬಂಗಾರ, ಬೆಳ್ಳಿ, ಪ್ಲಾಟಿನಂಗೆ ಬೇರೆ ಬೇರೆ ಸಂಕೇತ ಕೊಟ್ಟು, 99 ಪಾಲಿಗಿಂತ ಕಡಿಮೆ ಪ್ಲಾಟಿನಂ ಇರುವ ಬೆರಕೆಯ ಆಮದಿಗೆ ಕಡಿವಾಣ ಹಾಕಿತು. ದುಬೈನಿಂದ ಬರುವ ನೆಂಟರ ಕೈಲಿ ಬಂಗಾರದ ನಾಣ್ಯ ತರಿಸುವವರೂ ಗಮನಿಸಿ: ಒಡವೆಗೆ ಸಿಗುವ ಸುಂಕದ ವಿನಾಯಿತಿ ನಾಣ್ಯಕ್ಕೆ ಸಿಗುವುದಿಲ್ಲ.

ಹಾಗಾದರೆ ಇವನ್ನು ಕೊಳ್ಳಬೇಕೋ ಬೇಡವೋ? ಉಳಿತಾಯಕ್ಕೆ ಅಂತಾದರೆ ಬೇಡ. 995 ಅಥವಾ 999ರ ಬಿಐಎಸ್ ಗುರುತಿನ ಬಂಗಾರದ ನಾಣ್ಯ, ಇಲ್ಲದಿದ್ದರೆ ಅಜ್ಜಿಯ ಕಾಲದ ಗಿನ್ನಿ, ಇವೆರಡನ್ನು ಹುಬ್ಬಳ್ಳಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಯಾವ ಸರಾಫನಾದರೂ ಹತ್ತು ನಿಮಿಷದಲ್ಲಿ ಬೆಲೆ ಕಟ್ಟುತ್ತಾನೆ. ಪಲ್ಲಾಡಿಯಂ ನಾಣ್ಯಕ್ಕೆ ಇಲ್ಲಿ ಗಿರಾಕಿ ಇಲ್ಲ. ಚೆಂದಕ್ಕೆ, ಚರಿತ್ರೆಗೆ, ಸಂಗ್ರಹದ ಖುಷಿಗೆ ಅಂತಾದರೆ ಧಾರಾಳವಾಗಿ ಕೊಳ್ಳಿ. ಆದರೆ ಛಾಪಿಗೆ ಎಷ್ಟು ಕೊಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಮಾರುವಾಗ ಅದೇ ಹುಚ್ಚಿನ ಇನ್ನೊಬ್ಬ ಸಂಗ್ರಾಹಕನನ್ನು ಹುಡುಕಬೇಕಾಗುತ್ತದೆ. ನಾಣ್ಯ ಪ್ರದರ್ಶನಗಳಲ್ಲಿ ಅಂಥವರು ಸಿಗುತ್ತಾರೆ, ಚೌಕಾಶಿಯೂ ಜೋರಾಗಿ ನಡೆಯುತ್ತದೆ. 100 ವರ್ಷ ದಾಟಿದ ನಾಣ್ಯವಾದರೆ ಅದು ಪ್ರಾಚ್ಯವಸ್ತು, ಹೊರದೇಶದ ಗಿರಾಕಿಗೆ ಕಳಿಸುವಂತಿಲ್ಲ.

ಡಬ್ಬಿ, ಪ್ರಮಾಣಪತ್ರ, ಪ್ಲಾಸ್ಟಿಕ್ ಕವಚ ಮೂರನ್ನೂ ಕಾಪಾಡಿ. ಬೆರಕೆ ಏನು ಅಂತ ಹೇಳುವ ಕಾಗದ ಅದೊಂದೇ. ಇನ್ನೊಂದು ಮಾತು, ಹಬ್ಬದ ಹಿಂದಿನ ದಿನ ದೇವರ ಸಾಮಾನಿನ ಜೊತೆ ಇವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹುಳಿ ತಾಮ್ರದ ಕಿಲುಬನ್ನು ಎಳೆಯುತ್ತದೆ, ತಿಕ್ಕಿದ ಕಡೆ ಅಚ್ಚಿನ ನುಣುಪು ಹೋಗಿ ಸಣ್ಣ ಗೀರು ಕೂರುತ್ತವೆ. ನಾಣ್ಯ ಫಳಫಳ ಹೊಳೆಯುತ್ತದೆ. ಸಂಗ್ರಾಹಕ ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿ ನೋಡಿ, ಬೆಳ್ಳಿಯ ಬೆಲೆ ಮಾತ್ರ ಹೇಳುತ್ತಾನೆ.